ಕೀಲು

ಸಂಸ್ಕೃತದ ‘ಕೀಲ’ ಎಂದರೆ ಗೂಟ, ಬೆಣೆ. ಅದರ ತದ್ಭವವಾದ ‘ಕೀಲು’ ಕನ್ನಡದಲ್ಲಿ ಮೊಳೆಯೂ ಹೌದು, ಸಂದೂ ಹೌದು. ಗಾಲಿ ಅಚ್ಚಿನಿಂದ ಕಳಚದಂತೆ ಹಿಡಿಯುವುದು ಕಡೆಗೀಲು (ಕಡೆ + ಕೀಲು, ಆದೇಶ ಸಂಧಿ). ಮೊಣಕಾಲು ಮಡಚುವ ಜಾಗವೂ ಕೀಲೇ. ಬೀಗದ ಕೀಲಿಕೈ, ಕಂಪ್ಯೂಟರಿನ ಕೀಲಿಮಣೆ ಇದೇ ಬಳಗದವು.

ಪೀಠೋಪಕರಣದ ಹಲಗೆಗಳನ್ನು ಕೂಡಿಸುವುದೂ ಕೀಲೇ. ಈಗ ಪೀಠೋಪಕರಣವನ್ನು ಮೊದಲು ಕಂಪ್ಯೂಟರ್ ಪರದೆಯ ಮೇಲೆ ಜೋಡಿಸುವ ಕಾಲ. ಅಲ್ಲಿ ಬಿಡಿ ಹಲಗೆಗೆ ಆರು ಬಗೆಯ ಚಲನೆ: ಮೂರು ದಿಕ್ಕಿಗೆ ಸರಿಯುವುದು, ಮೂರು ಅಕ್ಷದ ಸುತ್ತ ತಿರುಗುವುದು. ಕೀಲು ಹಾಕುವುದೆಂದರೆ ಇವುಗಳಲ್ಲಿ ಬೇಡದವನ್ನು ಕಟ್ಟಿಹಾಕುವುದು. ಕಪಾಟಿನ ಬಾಗಿಲಿಗೆ ಒಂದು ತಿರುಗುವಿಕೆ ಉಳಿಯುತ್ತದೆ, ಡ್ರಾಯರಿಗೆ ಒಂದು ಸರಿಯುವಿಕೆ. ಮೇಜಿನ ಕಾಲಿಗೆ ಏನೂ ಉಳಿಯಬಾರದು. 2024ರ ನವೆಂಬರಿನಲ್ಲಿ ಬಂದ ಫ್ರೀಕ್ಯಾಡ್ 1.0 ಎಂಬ ಉಚಿತ ತಂತ್ರಾಂಶದಲ್ಲಿ ಇಂಥ ಜೋಡಣೆಯ ಸೌಲಭ್ಯ ಒಳಗೇ ಇದೆ.

ಆದರೆ ಪರದೆಯ ಹಲಗೆ ನೆನೆಯುವುದಿಲ್ಲ. ಕಾರವಾರ, ಅಂಕೋಲೆಗಳ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ. ಉದ್ದಕ್ಕೆ ತೀರ ಕಡಿಮೆ, ಎಳೆಗೆ ಅಡ್ಡವಾಗಿ ಹೆಚ್ಚು. ಬೇಸಿಗೆಯಲ್ಲಿ ಸಲೀಸಾಗಿ ಸರಿದ ಡ್ರಾಯರು ಆಷಾಢದಲ್ಲಿ ಕಚ್ಚಿಕೊಳ್ಳುವುದು ಇದರಿಂದಲೇ. ಉಪ್ಪುಗಾಳಿಗೆ ಕಬ್ಬಿಣದ ಮೊಳೆಯೂ ಬೇಗ ತುಕ್ಕು ಹಿಡಿಯುತ್ತದೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಕೂರಿಸಿ, ಮರದ ಮೊಳೆ ಬಡಿದರೆ ಆ ಚಿಂತೆಯಿಲ್ಲ. ಕರಾವಳಿಗೆಂದು ವಿನ್ಯಾಸ ಮಾಡುವವರು ನಕ್ಷೆಯಲ್ಲೇ ಹಲಗೆಗೆ ಉಬ್ಬಲು ಸಂದು ಬಿಡಬೇಕು.