ಎಣ್ಣೆ ಡಬ್ಬಿಯ ಮೇಲಿನ ಅಕ್ಷರಗಳ ಇತಿಹಾಸ

ಕಾಶಿಯಾತ್ರೆಗೆ ಹೋದ ನಮ್ಮವರಿಗೆ ಗಂಗೆ, ವಿಶ್ವನಾಥ, ಜಂಗಮವಾಡಿ ಮಠ ಎಲ್ಲವೂ ಬೇಗ ಹತ್ತಿರವಾಗುತ್ತವೆ. ಒಗ್ಗಲು ಹೊತ್ತು ಹಿಡಿಯುವುದು ಸಾಸಿವೆ ಎಣ್ಣೆಯ ಘಾಟು. ನಮಗೆ ಶೇಂಗಾ, ಕೊಬ್ಬರಿ ಎಣ್ಣೆ ಹೇಗೋ ವಾರಾಣಸಿಗೆ ಅದು ಹಾಗೆ. ಬಾಟಿ-ಚೋಖಾದ ಚೋಖಾಕ್ಕೆ ಹಸಿ ಸಾಸಿವೆ ಎಣ್ಣೆ ಬಿದ್ದರೇ ರುಚಿ. ಘಾಟು ಇದ್ದರೆ ಎಣ್ಣೆ ಶುದ್ಧ ಎಂಬುದು ಅಲ್ಲಿನ ಹಳೆಯ ನಂಬಿಕೆ. ಆ ನಂಬಿಕೆಯೊಂದೇ ಸಾಲದೆ ಹೋದದ್ದರಿಂದ ಹುಟ್ಟಿದ್ದು ಇಂದಿನ ಲೇಬಲ್.

ಗಾಣದ ಕಾಲದಲ್ಲಿ ಲೇಬಲ್ ಬೇಕಿರಲಿಲ್ಲ. ಎಣ್ಣೆ ತೆಗೆಯುವವರು ಊರಿನವರೇ, ಕಾಳು ನಮ್ಮ ಹೊಲದ್ದೇ. ಎಣ್ಣೆ ದೂರದ ಊರುಗಳಿಂದ ಬರತೊಡಗಿದ ಮೇಲೆ ಆ ಪರಿಚಯ ತಪ್ಪಿತು.

1877ರಲ್ಲಿ ಕಲ್ಕತ್ತಾದಲ್ಲಿ ಕಾಲು ಊದಿ, ಉಸಿರು ಕಟ್ಟುವ ಕಾಯಿಲೆ ಹಬ್ಬಿತು. ಕಾರಣ ತಿಳಿಯದೆ ವೈದ್ಯರಲ್ಲಿ ಕೆಲವರು ಕೆಟ್ಟ ಅಕ್ಕಿಯನ್ನು ದೂರಿದರು. 1926ರಲ್ಲಿ ಎಸ್.ಎಲ್. ಸರ್ಕಾರ್ ಅವರು ಸಾಸಿವೆ ಎಣ್ಣೆಯಲ್ಲಿ ಬೆರೆತ ಆರ್ಜಿಮೋನ್ ಎಣ್ಣೆಯತ್ತ ಬೆರಳು ತೋರಿಸಿದರು. ಇದು ನಮ್ಮ ರಸ್ತೆಬದಿಯಲ್ಲೂ ಬೆಳೆಯುವ, ಹಳದಿ ಹೂವಿನ ಮುಳ್ಳುಗಿಡ, ಅರಿಶಿನ ಉಮ್ಮತ್ತ. ಹಿಂದಿಯಲ್ಲಿ ಇದರ ಹೆಸರು 'ಸತ್ಯಾನಾಶಿ'. ಇದರ ಕಪ್ಪು ಬೀಜ ಸಾಸಿವೆಯನ್ನೇ ಹೋಲುತ್ತದೆ. ಅದರಲ್ಲಿರುವ ಸಾಂಗ್ವಿನರಿನ್ ಎಂಬ ವಿಷ ಹೃದಯಕ್ಕೂ ಕಣ್ಣಿಗೂ ಹಾನಿ ಮಾಡುತ್ತದೆ. ಬೀಜ ತಿಳಿಯದೆ ಸೇರಬಹುದು, ಲಾಭಕ್ಕಾಗಿ ಸೇರಿಸಲೂಬಹುದು. ಘಾಟು ಮಾತ್ರ ಹಾಗೆಯೇ ಇರುತ್ತದೆ.

ಇದೇ ಕಾಲದಲ್ಲಿ ತುಪ್ಪಕ್ಕೂ ಸಂಕಟ ಬಂತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ ತುಪ್ಪಕ್ಕೆ ವನಸ್ಪತಿ ಬೆರೆಸುವುದು ಸುಲಭವಾಯಿತು. ಇದಕ್ಕೆ ಸರ್ಕಾರ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ವನಸ್ಪತಿಯಲ್ಲಿ ಕನಿಷ್ಠ ಶೇ. 5ರಷ್ಟು ಎಳ್ಳೆಣ್ಣೆ ಇರಲೇಬೇಕೆಂದು ನಿಯಮ ಮಾಡಿದರು. ಬೌಡೋಯಿನ್ ಪರೀಕ್ಷೆಯಲ್ಲಿ ಎಳ್ಳೆಣ್ಣೆ ಕೆಂಪು ಬಣ್ಣ ಕೊಡುತ್ತದೆ. ಹೀಗಾಗಿ ತುಪ್ಪ ಕೆಂಪಾದರೆ ಕಲಬೆರಕೆ ಬಯಲು! ಸಾಫ್ಟ್‌ವೇರ್‌ನಲ್ಲಿ ನಾವು ಬಳಸುವ ಡಿಜಿಟಲ್ ಸಹಿಯನ್ನು ನಮ್ಮ ಹಿರಿಯರು ಎಳ್ಳಿನಲ್ಲೇ ಬರೆದಿದ್ದರು.

1954ರಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ ಬಂದರೂ ಬಿಡಿ ಎಣ್ಣೆಯ ಮಾರಾಟ ನಡೆದೇ ಇತ್ತು. 1998ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ಅದೇ ಹಳೆಯ ಕಾಯಿಲೆ ಮರಳಿತು. 60ಕ್ಕೂ ಹೆಚ್ಚು ಮಂದಿ ಸತ್ತರು. ಸೆಪ್ಟೆಂಬರ್‌ನಲ್ಲೇ ಖಾದ್ಯ ತೈಲ ಪ್ಯಾಕೇಜಿಂಗ್ ಆದೇಶ ಹೊರಬಿತ್ತು. ರಾಜ್ಯ ಸರ್ಕಾರ ವಿನಾಯಿತಿ ಕೊಡದ ಹೊರತು ಎಣ್ಣೆಯನ್ನು ಪ್ಯಾಕ್ ಮಾಡಿಯೇ ಮಾರಬೇಕಾಯಿತು. ಇದರ ಬೆಲೆಯನ್ನೂ ಮರೆಯಬಾರದು. ದಿನಕ್ಕೆ ಬೇಕಾದಷ್ಟೇ ಎಣ್ಣೆ ಕೊಳ್ಳುವ ಬಡ ಗೃಹಿಣಿಗೂ, ಪ್ರಾಮಾಣಿಕವಾಗಿ ದುಡಿಯುತ್ತಿದ್ದ ಸಣ್ಣ ಗಾಣದವನಿಗೂ ಈ ನಿಯಮ ಭಾರವೇ ಆಯಿತು.

ಪ್ಯಾಕೆಟ್ ಬಂದಾಕ್ಷಣ ಪ್ರಶ್ನೆ ಮುಗಿಯಲಿಲ್ಲ. ಸಾಸಿವೆ ಎಣ್ಣೆಗೆ ಬೇರೆ ಅಗ್ಗದ ಖಾದ್ಯ ತೈಲ ಬೆರೆಸಿ 'ಮಿಶ್ರ ಎಣ್ಣೆ' ಎಂದು ಮಾರಲು ಕಾನೂನಿನಲ್ಲೇ ಅವಕಾಶವಿತ್ತು. ಮುಂಭಾಗದಲ್ಲಿ ಸಾಸಿವೆ ಹೂವಿನ ಚಿತ್ರ ದೊಡ್ಡದಾಗಿ, ಹಿಂಭಾಗದಲ್ಲಿ ಸತ್ಯ ಸಣ್ಣ ಅಕ್ಷರದಲ್ಲಿ ಇದ್ದರೆ ಓದುವವರು ಎಷ್ಟು ಮಂದಿ? 2021ರ ಜೂನ್ 8ರಿಂದ ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸುವುದು ನಿಷಿದ್ಧವಾಗಿದೆ.

ಗೆಳತಿಯರೇ, ನಾವಿರುವ ಊರಲ್ಲಿ ಅಡುಗೆಗೆ ಯಾವ ಎಣ್ಣೆಯೇ ಇರಲಿ, ಪ್ಯಾಕೆಟ್ಟನ್ನು ತಿರುಗಿಸಿ ನೋಡೋಣ. ಎಣ್ಣೆಯ ನಿಜವಾದ ಹೆಸರು, ತಯಾರಕರ ವಿಳಾಸ, ತಯಾರಾದ ದಿನ, 14 ಅಂಕಿಗಳ ಪರವಾನಗಿ ಸಂಖ್ಯೆ, ಮಿಶ್ರ ಎಣ್ಣೆಯಾದರೆ ಅಗ್ಮಾರ್ಕ್ ಇವೆಯೇ ಗಮನಿಸೋಣ. 'ಕೊಲೆಸ್ಟರಾಲ್ ಇಲ್ಲ' ಎಂಬ ಮಾತಿಗೆ ಮರುಳಾಗುವುದು ಬೇಡ. ಸಸ್ಯಜನ್ಯ ಎಣ್ಣೆಯಲ್ಲಿ ಅದು ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಆ ಸಣ್ಣ ಅಕ್ಷರಗಳು ಬರಲು ಎಷ್ಟೋ ಮನೆಗಳು ನೋವು ತಿಂದಿವೆ. ಅವನ್ನು ಓದಲು ನಮಗೆ ಬೇಕಿರುವುದು ಒಂದೇ ನಿಮಿಷ.