ಆತ್ಮಸಾಕ್ಷಿಯ ಮತ: 1969ರ ಐದು ವಾರಗಳು

ಲಾಲ್‌ಬಾಗಿನ ಗಾಜಿನ ಮನೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಫಲಪುಷ್ಪ ಪ್ರದರ್ಶನ. 1969ರ ಜುಲೈಯಲ್ಲಿ ಅಲ್ಲಿ ನೆರೆದಿದ್ದವರು ಹೂವು ನೋಡಲು ಬಂದವರಲ್ಲ. ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಅಂದು ಬೆಂಗಳೂರಿನಲ್ಲಿ ಸೇರಿತ್ತು. ರಾಷ್ಟ್ರಪತಿ ಜಾಕಿರ್ ಹುಸೇನರು ಮೇ 3ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾಗಿದ್ದರು. ಅವರ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಎಂಬ ಪ್ರಶ್ನೆ ಜುಲೈ 12ರಂದು ಕಾಂಗ್ರೆಸ್ಸಿನ ಸಂಸದೀಯ ಮಂಡಲಿಯ ಮುಂದೆ ಬಂದಿತು. ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನರಾಮರ ಹೆಸರನ್ನು ಸೂಚಿಸಿದರು. ಮಂಡಲಿಯ ಬಹುಮತ ಲೋಕಸಭೆಯ ಅಧ್ಯಕ್ಷ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಮಾರನೆಯ ದಿನವೇ ಹಂಗಾಮಿ ರಾಷ್ಟ್ರಪತಿ ವಿ.ವಿ. ಗಿರಿಯವರು ತಾವೂ ಸ್ಪರ್ಧಿಸುವುದಾಗಿ ಸಾರಿದರು. ಆಗಸ್ಟ್ 16ರ ಮತದಾನಕ್ಕೆ ಉಳಿದಿದ್ದುದು ಐದೇ ವಾರ.

ನಮ್ಮ ರಾಷ್ಟ್ರಪತಿಯ ಚುನಾವಣೆಯಲ್ಲಿ ಜನಸಾಮಾನ್ಯರಿಗೆ ಮತವಿಲ್ಲ. ಸಂಸತ್ತಿನ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರಷ್ಟೇ ಮತದಾರರು. ಪ್ರತಿ ಮತಕ್ಕೂ ಜನಸಂಖ್ಯೆಯ ಆಧಾರದ ಮೇಲೆ ಒಂದು ಮೌಲ್ಯವುಂಟು, ಮತದಾರನು ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುತ್ತಾನೆ, ಮತದಾನ ಗುಪ್ತವಾದದ್ದು. ಇಂಥ ಚುನಾವಣೆಯಲ್ಲಿ ಪ್ರಚಾರಕ್ಕೆ ಏನು ಕೆಲಸ ಎಂದು ಕೇಳಬಹುದು. ಪಕ್ಷಗಳ ಬಲಾಬಲವನ್ನು ಕೂಡಿ ಕಳೆದರೆ ಫಲಿತಾಂಶ ಮೊದಲೇ ತಿಳಿಯಬೇಕಲ್ಲವೇ? ಆ ಐದು ವಾರಗಳ ಕಥೆ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು.

ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು, ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ. ಎದುರಾಳಿಯಾಗಿ ನಿಂತ ಗಿರಿಯವರೂ ಅವರಿಗೆ ಅಪರಿಚಿತರಲ್ಲ. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ ಇದೇ ರಾಜ್ಯದ ರಾಜ್ಯಪಾಲರಾಗಿದ್ದವರು ಗಿರಿ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ರಾಜ್ಯಗಳನ್ನು ಕಳೆದುಕೊಂಡಿದ್ದುದರಿಂದ ಪಕ್ಷದ ಮತಗಳ ಮೇಲೆ ಮಾತ್ರ ಭಾರ ಹಾಕುವಂತಿರಲಿಲ್ಲ. ಆದುದರಿಂದ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷದ ಮತ್ತು ಜನಸಂಘದ ನಾಯಕರನ್ನು ಕಂಡರು. ಆ ಪಕ್ಷಗಳು ಹಿಂದಿನ ಹಣಕಾಸು ಸಚಿವ ಸಿ.ಡಿ. ದೇಶಮುಖರನ್ನು ನಿಲ್ಲಿಸಿದ್ದವು. ನಿಮ್ಮ ಮೊದಲ ಪ್ರಾಶಸ್ತ್ಯ ದೇಶಮುಖರಿಗಿರಲಿ, ಎರಡನೆಯದು ರೆಡ್ಡಿಯವರಿಗೆ ಬರಲಿ ಎಂಬುದು ಅವರ ಕೋರಿಕೆಯ ತಿರುಳು. ಚುನಾವಣೆಯ ನಿಯಮವನ್ನು ಬಲ್ಲ ಅನುಭವಿ ಮುತ್ಸದ್ದಿ ಮಾಡಬಹುದಾದ ಕೆಲಸವೇ ಅದು. ಅದರಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇರಲಿಲ್ಲ.

ಇಂದಿರಾ ಗಾಂಧಿಯವರು ಹಿಡಿದ ದಾರಿ ಬೇರೆ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನು ಹಿಂದಕ್ಕೆ ಪಡೆದರು. ಮೊರಾರ್ಜಿಯವರು ಸಂಪುಟವನ್ನೇ ಬಿಟ್ಟರು. ಜುಲೈ 19ರಂದು ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸುವ ಸುಗ್ರೀವಾಜ್ಞೆ ಹೊರಬಿದ್ದಿತು. ಅದಕ್ಕೆ ಅಂಕಿತ ಹಾಕಿದವರು ಗಿರಿಯವರೇ. ಮರುದಿನ ಅವರು ಪದವಿಯನ್ನು ತ್ಯಜಿಸಿದರು. ಪ್ರಧಾನಿಯ ನಿವಾಸದ ಮುಂದೆ ಅಭಿನಂದಿಸಲು ಬಂದ ಜನರ ಗುಂಪು ಕೂಡಿತು. ಅವರಲ್ಲಿ ಒಬ್ಬರಿಗೂ ರಾಷ್ಟ್ರಪತಿಯ ಚುನಾವಣೆಯಲ್ಲಿ ಮತವಿರಲಿಲ್ಲ. ಆದರೆ ಮತವಿದ್ದ ಶಾಸಕನು ಮುಂದೊಂದು ದಿನ ಅವರ ಬಳಿಗೇ ಮತ ಕೇಳಲು ಹೋಗಬೇಕಲ್ಲವೇ? ಮತವಿಲ್ಲದವರನ್ನು ಉದ್ದೇಶಿಸಿ ಆಡಿದ ಮಾತು ಮತವುಳ್ಳವರ ಕಿವಿಗೆ ತಲುಪಿತು. ಇಬ್ಬರು ಹಿರಿಯರಲ್ಲಿ ಯಾರು ರಾಷ್ಟ್ರಪತಿಯಾಗಬೇಕು ಎಂಬ ಪ್ರಶ್ನೆ ಹಿಂದೆ ಸರಿದು, ಬಡವರ ಪರವೋ ಧನಿಕರ ಪರವೋ ಎಂಬ ಪ್ರಶ್ನೆ ಮುಂದೆ ಬಂದು ನಿಂತಿತು.

ಇಲ್ಲಿ ಒಂದು ವಿಪರ್ಯಾಸವನ್ನು ಮರೆಯಲಾಗದು. ಸಂಜೀವ ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯವರೇ ಸಹಿ ಮಾಡಿದ್ದರು. ಪಕ್ಷದ ಸದಸ್ಯರಿಗೆ ವಿಪ್ ನೀಡಬೇಕೆಂದು ನಿಜಲಿಂಗಪ್ಪನವರು ಕೇಳಿದಾಗ ಅವರು ಒಪ್ಪಲಿಲ್ಲ. ಜನಸಂಘ ಮತ್ತು ಸ್ವತಂತ್ರ ಪಕ್ಷಗಳೊಡನೆ ನಡೆದ ಮಾತುಕತೆಯ ಗುಟ್ಟೇನು ಎಂದು ಜಗಜೀವನರಾಮ್ ಮತ್ತು ಫಕ್ರುದ್ದೀನ್ ಅಲಿ ಅಹಮದರು ಅಧ್ಯಕ್ಷರಿಗೇ ಪತ್ರ ಬರೆದು ಪ್ರಶ್ನಿಸಿದರು. ಎರಡನೆಯ ಪ್ರಾಶಸ್ತ್ಯಕ್ಕಾಗಿ ನಿಜಲಿಂಗಪ್ಪನವರು ಇಟ್ಟ ಹೆಜ್ಜೆಯೇ ಅವರ ಮೇಲಿನ ಆರೋಪವಾಯಿತು. ಮತದಾನದ ಹೊಸ್ತಿಲಲ್ಲಿ ಪ್ರಧಾನಿಯವರಿಂದ ಕರೆ ಬಂದಿತು: ಆತ್ಮಸಾಕ್ಷಿಯಂತೆ ಮತ ನೀಡಿ.

ಆಗಸ್ಟ್ 20ರಂದು ಎಣಿಕೆ. ಕಣದಲ್ಲಿದ್ದವರು ಹದಿನೈದು ಮಂದಿ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮೌಲ್ಯದ ಮತಗಳು. ಗೆಲುವಿಗೆ 4,18,169 ಬೇಕಿತ್ತು. ಯಾರಿಗೂ ಅಷ್ಟು ಬರಲಿಲ್ಲ. ಹಿಂದುಳಿದವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಿದ ಮೇಲೆ ಗಿರಿಯವರು 4,20,077ಕ್ಕೆ ಏರಿದರು. ರೆಡ್ಡಿಯವರು 4,05,427ಕ್ಕೆ ನಿಂತರು.

ಈ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಮರುಹಂಚಿಕೆಯಲ್ಲಿ ಗಿರಿಯವರಿಗೆ ಸಿಕ್ಕಿದ್ದು 18,562, ರೆಡ್ಡಿಯವರಿಗೆ 91,879. ಎಂದರೆ ನಿಜಲಿಂಗಪ್ಪನವರು ಬಯಸಿದ ಎರಡನೆಯ ಪ್ರಾಶಸ್ತ್ಯದ ಮತಗಳು ಧಾರಾಳವಾಗಿಯೇ ಬಂದವು. ಅವರ ತಂತ್ರ ಫಲಿಸಿತು. ಅವರ ಅಭ್ಯರ್ಥಿ ಸೋತರು. ನೆರೆಮನೆಯ ಬಾಗಿಲಿಗೆ ಹೋಗಿ ಕೇಳಿದ್ದು ದಕ್ಕಿತು, ಅಷ್ಟರಲ್ಲಿ ಸ್ವಂತ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಅದೇ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಎರಡಾಯಿತು.

ಆ ವಾರಗಳಲ್ಲಿ ಎಲ್ಲವೂ ಉದಾತ್ತವಾಗಿತ್ತೆಂದು ಭಾವಿಸಬೇಕಾಗಿಲ್ಲ. ರೆಡ್ಡಿಯವರ ಚಾರಿತ್ರ್ಯಕ್ಕೆ ಮಸಿ ಬಳಿಯುವ ಅನಾಮಧೇಯ ಕರಪತ್ರವೊಂದು ಸಂಸದರ ನಡುವೆ ಹರಡಿತು. ಅದರ ವಿಚಾರ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಷ್ಟ್ರಪತಿಯಾಗಿದ್ದ ಗಿರಿಯವರು 1970ರಲ್ಲಿ ತಾವೇ ನ್ಯಾಯಾಲಯಕ್ಕೆ ಬಂದು ಸಾಕ್ಷ್ಯ ನುಡಿದರು. ಅರ್ಜಿ ವಜಾ ಆಯಿತು. ಗಿರಿಯವರ ಆಯ್ಕೆ ಉಳಿಯಿತು. ಆತ್ಮಸಾಕ್ಷಿಯ ಹೆಸರಿನಲ್ಲಿ ನಡೆದ ಚುನಾವಣೆಗೆ ಹೆಸರಿಲ್ಲದ ಕರಪತ್ರದ ನೆರಳೂ ಅಂಟಿಕೊಂಡಿತು.

ಹಾಗಾದರೆ ಆತ್ಮಸಾಕ್ಷಿ ಎಂಬುದು ಬರಿಯ ಪ್ರಚಾರತಂತ್ರವೇ? 2017ರಲ್ಲಿ ಮೀರಾ ಕುಮಾರರೂ 2022ರಲ್ಲಿ ಯಶವಂತ ಸಿನ್ಹಾ ಅವರೂ ಅದೇ ಮಾತನ್ನು ಎತ್ತಿ ಮತ ಯಾಚಿಸಿದರು, ಸೋತರು. 1969ರಲ್ಲಿ ಆ ಮಾತಿನ ಹಿಂದೆ ಪ್ರಧಾನಿಯ ಅಧಿಕಾರವಿತ್ತು, ಬ್ಯಾಂಕ್ ರಾಷ್ಟ್ರೀಕರಣದ ಉತ್ಸಾಹವಿತ್ತು, ಗಿರಿಯವರನ್ನು ಬೆಂಬಲಿಸಿದ ಕಮ್ಯುನಿಸ್ಟರೂ ಡಿ.ಎಂ.ಕೆ.ಯವರೂ ಇದ್ದರು. ಅಂದು ಆತ್ಮಸಾಕ್ಷಿಯಂತೆ ನಡೆಯುವುದೆಂದರೆ ಪಕ್ಷದ ಅಧ್ಯಕ್ಷರನ್ನು ಧಿಕ್ಕರಿಸಿ ಪ್ರಧಾನಿಯನ್ನು ಮೆಚ್ಚಿಸುವುದೂ ಆಗಿತ್ತು. ಇಂಥ ಅನುಕೂಲ ಎಲ್ಲ ಆತ್ಮಸಾಕ್ಷಿಗಳಿಗೂ ಒದಗುವುದಿಲ್ಲ.

ಆದರೂ ಗುಪ್ತ ಮತಪತ್ರದ ಮುಂದೆ ಒಬ್ಬಂಟಿಯಾಗಿ ನಿಂತ ಸದಸ್ಯನ ಸ್ವಾತಂತ್ರ್ಯವನ್ನು ನಾವು ಹಗುರವಾಗಿ ಕಾಣುವಂತಿಲ್ಲ. ರಾಷ್ಟ್ರಪತಿಯ ಚುನಾವಣೆಯಲ್ಲಿ ವಿಪ್ಪಿಗೆ ಇಂದಿಗೂ ಎಡೆಯಿಲ್ಲ. ಆ ಸ್ವಾತಂತ್ರ್ಯವನ್ನು ಬಳಸಿದವನು ಅಂತರಂಗದ ಮಾತು ಕೇಳಿದನೋ, ಗಾಳಿ ಬೀಸುವ ದಿಕ್ಕನ್ನು ನೋಡಿದನೋ ಎಂಬುದು ಅವನಿಗೆ ಮಾತ್ರ ಗೊತ್ತು.

ಅಂದು ಸೋತ ಸಂಜೀವ ರೆಡ್ಡಿಯವರು ಎಂಟು ವರ್ಷಗಳ ಬಳಿಕ, 1977ರಲ್ಲಿ, ಅವಿರೋಧವಾಗಿ ರಾಷ್ಟ್ರಪತಿಯಾದರು. ಆ ಸಲ ಮತಪೆಟ್ಟಿಗೆಯ ಅಗತ್ಯವೇ ಬೀಳಲಿಲ್ಲ. ಆತ್ಮಸಾಕ್ಷಿಯನ್ನು ಯಾರೂ ಕೇಳಲೂ ಇಲ್ಲ.