ಒಬ್ಬನೇ ಬಂದ ಏಸಿ ಹುಡುಗ, ಒಂದು ವರ್ಷದ ಇಂಜಿನಿಯರ್

ಮೊನ್ನೆ ನಮ್ಮ ಆಫೀಸಿನ ಸರ್ವರ್ ರೂಮಿನ ಏಸಿ ಕೆಟ್ಟಿತ್ತು. ರಿಪೇರಿಗೆ ಬಂದವನು ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷದ ಹುಡುಗ. ಒಬ್ಬನೇ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಗ್ಯಾಸ್ ಗೇಜು. ಟೆರೇಸಿಗೂ ಕೆಳಕ್ಕೂ ನಾಲ್ಕು ಸಲ ಓಡಾಡಿದ. ಯಾರಿಗೋ ಫೋನ್ ಮಾಡಿದ. ಆ ಕಡೆ ಎತ್ತಲಿಲ್ಲ. ಮತ್ತೆ ಮಾಡಿದ.

"ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತಪ್ಪಾ?" ಅಂದೆ.

"ಮೂರು ತಿಂಗಳು ಸಾರ್. ಎರಡು ವಾರ ಸೀನಿಯರ್ ಜೊತೆ ಕಳಿಸಿದ್ರು, ಆಮೇಲೆ ಒಬ್ನೇ."

ಬಾಯಿಗೆ ಬಂದಿದ್ದ ಬೈಗುಳ ನುಂಗಿಕೊಂಡೆ. ನಾನೂ ಕೆಲಸಕ್ಕೆ ಸೇರಿದ ಆರನೇ ತಿಂಗಳಲ್ಲಿ ಕ್ಲೈಂಟ್ ಆಫೀಸಿನಲ್ಲಿ ಒಬ್ಬನೇ ಕೂತು, ಏನೇನೂ ಗೊತ್ತಿಲ್ಲದ ಡೇಟಾಬೇಸಿನ ಮುಂದೆ ಎಲ್ಲ ಗೊತ್ತಿರುವವನ ಮುಖ ಮಾಡಿದ್ದವನೇ :) ಆ ರಾತ್ರಿ ಕುತೂಹಲಕ್ಕೆ ಏಸಿಯ ಚರಿತ್ರೆ ಹುಡುಕಿ ಓದುತ್ತಾ ಕೂತೆ. ನೋಡಿದರೆ, ಈ ಯಂತ್ರದ ಕಥೆ ಶುರುವಾಗುವುದೇ ಇಂಥ ಒಬ್ಬ ಹುಡುಗನಿಂದ.

ವಿಲ್ಲಿಸ್ ಕ್ಯಾರಿಯರ್. ಹುಟ್ಟಿದ್ದು 1876ರಲ್ಲಿ, ನ್ಯೂಯಾರ್ಕ್ ರಾಜ್ಯದ ಅಂಗೋಲ ಅನ್ನುವ ಊರಿನ ಕಡೆ, ರೈತರ ಮನೆಯಲ್ಲಿ. ಚಿಕ್ಕವನಿದ್ದಾಗ ಇವನಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲವಂತೆ. ಅಮ್ಮ ನೆಲಮಾಳಿಗೆಯಿಂದ ಸೇಬು ತರಿಸಿ, ಅರ್ಧ, ಕಾಲು, ಅರೆಕಾಲು ಅಂತ ಕತ್ತರಿಸಿ ಕಲಿಸಿದಳು. ಇವನಿಗೆ ಹನ್ನೊಂದಾಗಿದ್ದಾಗ ಆಕೆ ತೀರಿಕೊಂಡಳು. ಸೇಬಿನ ಪಾಠವನ್ನು ಮಾತ್ರ ಈತ ಕೊನೆಯತನಕ ನೆನೆಸಿಕೊಳ್ಳುತ್ತಿದ್ದ.

1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಹೊರಬಿದ್ದು ಬಫಲೋ ಫೋರ್ಜ್ ಕಂಪನಿ ಸೇರಿದ. ಸಂಬಳ ವಾರಕ್ಕೆ 10 ಡಾಲರ್. ಮೊದಮೊದಲ ಕೆಲಸ ಮರದ ದಿಮ್ಮಿ ಒಣಗಿಸುವ, ಕಾಫಿ ಒಣಗಿಸುವ ಬಿಸಿಗಾಳಿಯ ವ್ಯವಸ್ಥೆಗಳ ನಕ್ಷೆ ಬರೆಯುವುದು. (ನಮ್ಮ ಮಲೆನಾಡಿನಲ್ಲಿ ಕಾಫಿ ಕಣದಲ್ಲೇ ಒಣಗುತ್ತದೆ, ಮೋಡ ಕಂಡರೆ ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡಬೇಕು ಅಷ್ಟೆ.) ಅಲ್ಲಿ ಅವನಿಗೆ ಸಿಕ್ಕಿದ ಮೊದಲ ಆಘಾತವೆಂದರೆ, ಲೆಕ್ಕಕ್ಕೆ ಆಧಾರವೇ ಇರಲಿಲ್ಲ. ಯಾವ ಕಾಯಿಲ್ ಎಷ್ಟು ಶಾಖ ಕೊಡುತ್ತದೆ ಅನ್ನುವುದಕ್ಕೆ ನಂಬುವಂಥ ಅಂಕಿಗಳಿಲ್ಲ. ಅನುಭವಸ್ಥರು ಅಂದಾಜಿಗೆ ಒಂದಿಷ್ಟು ಜಾಸ್ತಿ ಸೇರಿಸಿ ಕೈತೊಳೆದುಕೊಳ್ಳುತ್ತಿದ್ದರು. ಹೊಸಬನಿಗೆ ಅಂದಾಜು ಎಲ್ಲಿಂದ ಬರಬೇಕು? ತಾನೇ ಅಳತೆ ಮಾಡಿ ಕೋಷ್ಟಕ ತಯಾರಿಸಿದ. ಮುಂದಿನ ಚಳಿಗಾಲದಲ್ಲಿ ಕಂಪನಿಗೆ 40,000 ಡಾಲರ್ ಉಳಿಯಿತು ಅಂತ ಅವನ ಜೀವನ ಚರಿತ್ರೆ ಹೇಳುತ್ತದೆ.

ಅಷ್ಟರಲ್ಲಿ ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್‌ಹೆಲ್ಮ್ಸ್ ಅನ್ನುವ ಮುದ್ರಣಾಲಯದಿಂದ ದೂರು ಬಂತು. ಆಗ ಬಣ್ಣದ ಮುದ್ರಣ ಅಂದರೆ ಒಂದೊಂದು ಬಣ್ಣಕ್ಕೂ ಹಾಳೆ ಒಂದೊಂದು ಸಲ ಯಂತ್ರದೊಳಗೆ ಹೋಗಬೇಕು. ಬೇಸಿಗೆಯ ಸೆಕೆಗೆ ಗಾಳಿಯ ತೇವ ಏರಿಳಿದು ಕಾಗದ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಎರಡನೇ ಬಣ್ಣ ಜಾಗ ತಪ್ಪಿ ಬೀಳುತ್ತಿತ್ತು. ಹಳೇ ಕ್ಯಾಲೆಂಡರುಗಳಲ್ಲಿ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಜಾರಿರುವುದನ್ನು ನೋಡಿರುತ್ತೀರಲ್ಲ, ಹಾಗೆ. ಅವರಿಗೆ ತಂಪು ಬೇಕಿರಲಿಲ್ಲ. ವರ್ಷವಿಡೀ ಒಂದೇ ಸಮನಾದ ತೇವ ಬೇಕಿತ್ತು. ಅದನ್ನು ಯಾರೂ ಹಾಗೆ ಹಿಡಿದಿಟ್ಟು ತೋರಿಸಿರಲಿಲ್ಲ.

ಕೆಲಸ ಬಿದ್ದದ್ದು ಕ್ಯಾರಿಯರ್ ಮೇಲೆ. ವಯಸ್ಸು 25, ಅನುಭವ ಒಂದು ವರ್ಷ. ಹವಾಮಾನ ಇಲಾಖೆಯ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ಶುರು ಮಾಡಿದ. ಮೊದಲು ಗೋಣಿಬಟ್ಟೆಯನ್ನು ರೋಲರುಗಳ ಮೇಲೆ ಸುತ್ತಿಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಗಾಳಿ ಊದಿಸಿದ. ಗಾಳಿ ಒಣಗಿತು, ಆದರೆ ಉಪ್ಪನ್ನೂ ಹೊತ್ತು ತಂದಿತು. ಯಂತ್ರಗಳು ತುಕ್ಕು ಹಿಡಿದಾವು ಅಂತ ಅದನ್ನು ಕೈಬಿಟ್ಟ. ಆಮೇಲೆ ಹಿಡಿದದ್ದು ನಮ್ಮ ಅಡುಗೆಮನೆಯಲ್ಲೂ ಕಾಣುವ ಸಂಗತಿ: ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕೂರುತ್ತದೆ. ಅಂದರೆ ತಣ್ಣಗಿನ ಲೋಹ ಗಾಳಿಯ ನೀರನ್ನು ಹಿಂಡುತ್ತದೆ. ಎಷ್ಟು ತಣ್ಣಗಿದ್ದರೆ ಎಷ್ಟು ಹಿಂಡುತ್ತದೆ ಅನ್ನುವುದೇ ಲೆಕ್ಕ.

1902ರ ಜುಲೈ 17ಕ್ಕೆ ನಕ್ಷೆಗಳು ಸಿದ್ಧವಾದವು. ಒಂದು ಸಾಲು ಕಾಯಿಲ್‌ಗೆ ಬಾವಿಯ ತಣ್ಣೀರು, ಇನ್ನೊಂದಕ್ಕೆ ಅಮೋನಿಯಾ ಕಂಪ್ರೆಸರ್. ಗುರಿ ಶೇಕಡ 55 ತೇವಾಂಶ. ತಂಪಿನ ಪ್ರಮಾಣ ದಿನಕ್ಕೆ 1,08,000 ಪೌಂಡು ಮಂಜುಗಡ್ಡೆ ಕರಗಿದಷ್ಟು. ನಾವು ಅಂಗಡಿಯಲ್ಲಿ "ಒಂದೂವರೆ ಟನ್ ಏಸಿ" ಅಂತ ಕೇಳುತ್ತೇವಲ್ಲ, ಅದು ಏಸಿಯ ತೂಕ ಅಲ್ಲ, ಇದೇ ಲೆಕ್ಕ: ದಿನಕ್ಕೆ 2,000 ಪೌಂಡು ಮಂಜು ಕರಗಿಸುವ ತಂಪಿಗೆ ಒಂದು ಟನ್. ಆ ಪ್ರಕಾರ ಬ್ರೂಕ್ಲಿನ್‌ನದು 54 ಟನ್.

ಇಷ್ಟಾದರೂ ಇವನೊಬ್ಬನೇ ಜಗತ್ತಿಗೆ ತಂಪು ಕೊಟ್ಟ ಅನ್ನುವ ಕಥೆ ಪೂರ್ತಿ ಸರಿಯಲ್ಲ. ಅದೇ ಹೊತ್ತಿಗೆ ನ್ಯೂಯಾರ್ಕಿನ ಷೇರುಪೇಟೆಯ ಹೊಸ ಕಟ್ಟಡಕ್ಕೆ ಆಲ್ಫ್ರೆಡ್ ವುಲ್ಫ್ ಅನ್ನುವ ಪಳಗಿದ ಇಂಜಿನಿಯರ್ ಇನ್ನೂ ದೊಡ್ಡ ತಂಪುವ್ಯವಸ್ಥೆ ಮಾಡಿದ್ದ. 'ಏರ್ ಕಂಡೀಷನಿಂಗ್' ಅನ್ನುವ ಹೆಸರು ಕೂಡ 1906ರಲ್ಲಿ ಬಟ್ಟೆ ಗಿರಣಿಗಳ ಇಂಜಿನಿಯರ್ ಸ್ಟುವರ್ಟ್ ಕ್ರೇಮರ್ ಕೊಟ್ಟಿದ್ದು. ಕ್ಯಾರಿಯರ್ ಬಿಟ್ಟುಹೋದ ದೊಡ್ಡ ಆಸ್ತಿ, ನನ್ನ ಪ್ರಕಾರ, ಯಂತ್ರ ಅಲ್ಲ, ಕೋಷ್ಟಕ. ಗಾಳಿ, ಶಾಖ, ತೇವಗಳ ಸಂಬಂಧದ ಸೂತ್ರಗಳನ್ನು ಆತ 1911ರ ಡಿಸೆಂಬರಿನಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದಿಟ್ಟ. ಹಾಸ್ಟೆಲಿನಲ್ಲಿ ನನ್ನ ಮೆಕ್ಯಾನಿಕಲ್ ರೂಮ್‌ಮೇಟ್ ಪರೀಕ್ಷೆಯ ಹಿಂದಿನ ರಾತ್ರಿ ಶಪಿಸುತ್ತಿದ್ದ ಸೈಕ್ರೋಮೆಟ್ರಿಕ್ ಚಾರ್ಟಿನ ಬೇರು ಅಲ್ಲಿದೆ. ಹೊಸಬನಾಗಿ ತನಗೆ ಸಿಗದಿದ್ದುದನ್ನು ಮುಂದಿನ ಹೊಸಬರಿಗೆ ಮಾಡಿಟ್ಟ.

ಇನ್ನೊಂದು ಮಾತು. ಕ್ಯಾರಿಯರ್ ನಿಜವಾಗಿ ಒಬ್ಬನೇ ಇರಲಿಲ್ಲ. ಕಂಪನಿಯ ನ್ಯೂಯಾರ್ಕ್ ಕಚೇರಿಯಲ್ಲಿ ಇರ್ವಿನ್ ಲೈಲ್ ಅನ್ನುವ ಗೆಳೆಯನಿದ್ದ. ಮುದ್ರಣಾಲಯದ ಸಮಸ್ಯೆ ಬಂದದ್ದೂ ಆತನ ಮೂಲಕವೇ. 1915ರಲ್ಲಿ ಏಳು ಜನ ಇಂಜಿನಿಯರುಗಳು ಸೇರಿ ಸ್ವಂತ ಕಂಪನಿ ಕಟ್ಟಿದಾಗಲೂ ಲೈಲ್ ಜೊತೆಗಿದ್ದ. ನಮ್ಮ ಏಸಿ ಹುಡುಗನ ಜೇಬಿನಲ್ಲಿ ಕೋಷ್ಟಕವೇನೋ ಮೊಬೈಲ್ ಆ್ಯಪ್ ಆಗಿ ಬಂದಿದೆ. ಲೈಲ್ ಮಾತ್ರ ಫೋನ್ ಎತ್ತುತ್ತಿಲ್ಲ.

ಕೊನೆಗೆ ಅವನೇ ಕಂಡುಹಿಡಿದ. ಔಟ್‌ಡೋರ್ ಯೂನಿಟ್ಟಿನ ಕೆಪಾಸಿಟರ್ ಊದಿಕೊಂಡಿತ್ತು. ಕರೆಂಟು ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು ಅನ್ನುವುದು ಅವನಿಗೆ ಗೊತ್ತಿತ್ತು. ಮುಚ್ಚಳ ಬಿಚ್ಚಿದವನು ಕೈ ಹಿಂದಕ್ಕೆಳೆದುಕೊಂಡು ನನ್ನ ಕಡೆ ತಿರುಗಿದ.

"ಸಾರ್, ಇದನ್ನ ತೆಗೆಯೋವರೆಗೂ ಸ್ವಲ್ಪ ಇಲ್ಲೇ ನಿಂತ್ಕೋತೀರಾ?"

ನಿಂತುಕೊಂಡೆ.